ನಾಲ್ಕು ಬೋಲ್ಟಿನ ಮನೆ

1972ರಲ್ಲಿ ಟೋಕಿಯೋದ ಗಿಂಜಾದಲ್ಲಿ ಒಂದು ಕಟ್ಟಡ ಎದ್ದಿತು. ಹೆಸರು ನಕಾಗಿನ್ ಕ್ಯಾಪ್ಸೂಲ್ ಟವರ್. ದೂರದಿಂದ ನೋಡಿದರೆ ಯಾರೋ ವಾಷಿಂಗ್ ಮಷೀನುಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಮರೆತುಹೋದಂತಿತ್ತು. ವಾಸ್ತುಶಿಲ್ಪಿ ಕಿಶೋ ಕುರೊಕಾವಾ.

ಎರಡು ಗೋಪುರಗಳಿಗೆ 140 ಡಬ್ಬಿ, ಒಂದೊಂದಕ್ಕೂ ನಾಲ್ಕೇ ಬೋಲ್ಟು. ಹಾಸಿಗೆ, ದುಂಡು ಕಿಟಕಿ, ಬಚ್ಚಲು, ಟೀವಿ, ಎಲ್ಲವೂ ಸುಮಾರು 10 ಚದರ ಮೀಟರಿನಲ್ಲಿ. ಅಡುಗೆಮನೆ ಮಾತ್ರ ಇಲ್ಲ! ಒಗ್ಗರಣೆ ಘಾಟು ಎಬ್ಬಿಸುವ ನಮ್ಮಂಥವರನ್ನು ಆ ಮಹಾನುಭಾವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ನೆಂಟರು ಬಂದರೂ ಹೊತ್ತು ಮುಳುಗುವ ಮುನ್ನ ತಾವಾಗಿಯೇ ಎದ್ದು ಹೊರಡುತ್ತಾರೆ. ಅದೂ ಒಂದು ಸೌಲಭ್ಯವೇ ಎನ್ನಿ.

ಜಾಣತನವೆಲ್ಲ ಬೋಲ್ಟಿನಲ್ಲಿ. 25 ವರ್ಷಕ್ಕೊಮ್ಮೆ ಹಳೆಯ ಡಬ್ಬಿ ಬಿಚ್ಚಿ ಹೊಸದು ಸಿಕ್ಕಿಸುವುದು ಯೋಜನೆ. ಆದರೆ ಕೆಳಗಿನದನ್ನು ತೆಗೆಯಲು ಮೇಲಿನವನ್ನೆಲ್ಲ ಇಳಿಸಬೇಕು. ಅಂದರೆ ಮೇಲಿನ ಮನೆಯವರೆಲ್ಲ ಒಂದೇ ಮಾತಿಗೆ ಒಪ್ಪಬೇಕು. ಅಪಾರ್ಟ್‌ಮೆಂಟ್ ಸಭೆಗೆ ಒಮ್ಮೆ ಹೋದವರಿಗೆ ಮುಂದಿನ ಕತೆ ಹೇಳಬೇಕಿಲ್ಲ. ಅಲ್ಲಿ ನೀರಿನ ಟ್ಯಾಂಕಿಗೆ ಮುಚ್ಚಳ ಹಾಕಿಸುವುದಕ್ಕೇ ಮೂರು ಬಣ! ಒಂದು ಡಬ್ಬಿಯೂ ಬದಲಾಗಲಿಲ್ಲ. ಸೋರಿತು, ತುಕ್ಕು ಹಿಡಿಯಿತು, ಬಿಸಿನೀರೂ ನಿಂತಿತು. 2022ರಲ್ಲಿ ಎಲ್ಲವನ್ನೂ ಕಳಚಿದರು.

ಹಾಗೆಂದು ಕುರೊಕಾವಾ ಸೋತರೆನ್ನಬೇಡಿ. 1979ರಲ್ಲೇ ಒಸಾಕಾದಲ್ಲಿ ಇನ್ನೂ ಚಿಕ್ಕ ಗೂಡುಗಳನ್ನು ಮಾಡಿ ಮೊದಲ ಕ್ಯಾಪ್ಸೂಲ್ ಹೋಟೆಲ್ ಕಟ್ಟಿಕೊಟ್ಟಿದ್ದರು. ಅದರೊಳಗೆ ನಿಲ್ಲಲಾಗದು, ಮಲಗಬಹುದು, ಅಷ್ಟೇ. ಜನಕ್ಕೆ ಹಿಡಿಸಿದ್ದು ಅದೇ! ಇನ್ನು ಟೋಕಿಯೋದ ಡಬ್ಬಿಗಳಲ್ಲಿ 23 ಉಳಿದುಕೊಂಡಿವೆ. ಒಂದು ಸ್ಯಾನ್ ಫ್ರಾನ್ಸಿಸ್ಕೋದ ಆಧುನಿಕ ಕಲಾ ಸಂಗ್ರಹಾಲಯ ಸೇರಿದೆ.