ನಿತ್ಯೋಪವಾಸಿಯ ಊಟ

ಬೇರೆಯವರ ಮನೆಯಲ್ಲಿ ಉಣ್ಣುವುದು ಅಡುಗೆ ಮಾಡುವುದಕ್ಕಿಂತ ಕಷ್ಟದ ಕೆಲಸ. ಅಡುಗೆಯವರಿಗೆ ಒಲೆ ಆರಿಸಿದರೆ ಬಿಡುಗಡೆ. ಉಣ್ಣುವವನಿಗೆ ಬಡಿಸುವವರ ಉತ್ಸಾಹ ಆರುವವರೆಗೂ ಬಿಡುಗಡೆಯಿಲ್ಲ. ನಮ್ಮ ಶಿರಸಿ ಸೀಮೆಯ ಮದುವೆ ಮನೆಗಳಲ್ಲಂತೂ ಉಪಚಾರವೆಂದರೆ ಸಣ್ಣದೊಂದು ಕಾಳಗವೇ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಎಂದರೆ ಹೋಳಿಗೆಯವನಿಗೆ ಅದು ‘ಇನ್ನೆರಡು’ ಎಂದು ಕೇಳಿಸುತ್ತದೆ. ಬೆರಳ ಸಂದಿಯಿಂದ ಹೋಳಿಗೆ ನುಸುಳಿಸಬಲ್ಲ ನಿಪುಣರನ್ನು ನಾನು ಬಲ್ಲೆ. ಅವರ ಬೆನ್ನಿಗೇ ತುಪ್ಪದ ಗಿಂಡಿ ಬರುತ್ತದೆ. ಇಷ್ಟಾದರೂ ಅಲ್ಲೊಂದು ಸೌಕರ್ಯವುಂಟು: ಬಾಯಿ ತುಂಬಿರುವುದರಿಂದ ಮಾತಾಡುವ ಹಂಗಿಲ್ಲ. ಅತಿಥಿಗೆ ಆ ಸೌಕರ್ಯವನ್ನೂ ಕೊಡದ ದೇಶವೊಂದಿದೆ. ಅದು ಜಾರ್ಜಿಯಾ.

ಅಮೆರಿಕದ ಜಾರ್ಜಿಯಾ ಅಲ್ಲ. ಕಪ್ಪು ಸಮುದ್ರದ ಪೂರ್ವ ದಂಡೆಯಲ್ಲಿ, ಕಾಕಸಸ್ ಪರ್ವತಗಳ ಬುಡದಲ್ಲಿ, 1991ರವರೆಗೆ ಸೋವಿಯತ್ ಒಕ್ಕೂಟದ ಒಳಗಿದ್ದ ಜಾರ್ಜಿಯಾ. ಯೂರೋಪು ಸುತ್ತಬೇಕೆಂಬ ನಮ್ಮ ಆಸೆಯಲ್ಲಿ ಈ ದೇಶಕ್ಕೆ ಜಾಗವೇ ಇರಲಿಲ್ಲ. ಆದರೆ ನೀಟ್ ಪರೀಕ್ಷೆಯ ಅಂಕವನ್ನೂ ಖಾಸಗಿ ಕಾಲೇಜಿನ ಫೀಸನ್ನೂ ಎದುರುಬದುರು ಇಟ್ಟು ನೋಡಿ ನಿಟ್ಟುಸಿರಿಟ್ಟ ಮಕ್ಕಳು ಹೋಗುವ ದೇಶಗಳಲ್ಲಿ ಅದೂ ಒಂದು. ನನ್ನ ಹೆಂಡತಿಯ ಅಕ್ಕನ ಮಗ ರಾಜಧಾನಿ ಟಿಬಿಲಿಸಿಯಲ್ಲಿ ಡಾಕ್ಟರಿಕೆ ಓದುತ್ತಿದ್ದಾನೆ. ‘ಹುಡುಗ ಏನು ತಿಂತಾನೋ, ನೋಡಿ ಬನ್ನಿ’ ಎಂದು ಅಕ್ಕ ಹೇಳಿದ್ದೇ ನೆಪವಾಯಿತು. ಹುಡುಗ ಏನು ತಿನ್ನುತ್ತಾನೆಂದು ಪರೀಕ್ಷಿಸಲು ನಾವೂ ಅದನ್ನೆಲ್ಲ ತಿನ್ನಲೇಬೇಕಲ್ಲ!

ಟಿಬಿಲಿಸಿಯ ಗುಡ್ಡದ ಮೇಲೊಬ್ಬಳು ಅಲ್ಯೂಮಿನಿಯಂ ತಾಯಿ ನಿಂತಿದ್ದಾಳೆ. 1958ರಲ್ಲಿ ನಿಲ್ಲಿಸಿದ್ದು, ಇಪ್ಪತ್ತು ಮೀಟರ್ ಎತ್ತರ. ಬಂದವನು ಮಿತ್ರನಾದರೆ ಎಡಗೈಯಲ್ಲಿ ದ್ರಾಕ್ಷಾರಸದ ಬಟ್ಟಲು, ಶತ್ರುವಾದರೆ ಬಲಗೈಯಲ್ಲಿ ಕತ್ತಿ. ನನ್ನ ಹೆಂಡತಿ ಬಹಳ ಹೊತ್ತು ಕತ್ತು ಎತ್ತಿ ನೋಡಿ, ‘ಎರಡೂ ಬೇಡ ಅನ್ನೋರಿಗೆ ಏನಿದೆಯಂತೆ?’ ಎಂದು ಕೇಳಿದಳು. ನಾವು ಮದ್ಯ ಮುಟ್ಟುವವರಲ್ಲ, ಮಾಂಸ ತಿನ್ನುವವರೂ ಅಲ್ಲ. ಇದಕ್ಕೆ ಹುಡುಗ ಒಂದು ಉಪಾಯ ಕಂಡುಕೊಂಡಿದ್ದ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಮತ್ತು ವರ್ಷದಲ್ಲಿ ಕೆಲವು ಉದ್ದದ ಅವಧಿಗಳಲ್ಲಿ ವ್ರತ; ಆಗ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಆದ್ದರಿಂದ ಹೋಟೆಲುಗಳಲ್ಲಿ ವ್ರತದ ಅಡುಗೆ ಸಿಗುತ್ತದೆ. ಹುಡುಗ ಎಲ್ಲಿ ಹೋದರೂ ‘ನಮ್ಮ ಚಿಕ್ಕಪ್ಪನಿಗೆ ಉಪವಾಸ’ ಎಂದುಬಿಡುತ್ತಿದ್ದ. ಏಕಾದಶಿಯಂದು ಎರಡು ಬಟ್ಟಲು ಅವಲಕ್ಕಿ ತಿಂದು ನಿರಾಹಾರ ಎನ್ನುವ ಪರಂಪರೆಯವನಾದ ನನಗೆ ಇದರಲ್ಲಿ ದೋಷವೇನೂ ಕಾಣಲಿಲ್ಲ.

ಹಾಗೆ ಉಪವಾಸದಲ್ಲಿ ನಾನು ಮೊದಲು ತಿಂದದ್ದು ಖಿಂಕಾಲಿ. ಮೈದಾ ಹಾಳೆಯೊಳಗೆ ಹೂರಣ ಇಟ್ಟು, ನೆರಿಗೆ ನೆರಿಗೆಯಾಗಿ ಮಡಿಸಿ, ತುದಿಯಲ್ಲಿ ಜುಟ್ಟು ಕಟ್ಟಿ ನೀರಲ್ಲಿ ಬೇಯಿಸುತ್ತಾರೆ. ಸಾಮಾನ್ಯವಾಗಿ ಒಳಗೆ ಮಾಂಸ. ವ್ರತದವರಿಗೆ ಅಣಬೆ ಅಥವಾ ಆಲೂಗಡ್ಡೆ. ಜುಟ್ಟು ಹಿಡಿದೆತ್ತಿ, ಬುಡಮೇಲು ಮಾಡಿ, ಒಂದು ಕಡೆ ಸಣ್ಣಗೆ ಕಚ್ಚಿ, ಒಳಗಿನ ಸುಡುವ ರಸವನ್ನು ಮೊದಲು ಹೀರಬೇಕು. ಆಮೇಲೆ ಉಳಿದದ್ದು. ಜುಟ್ಟನ್ನು ಮಾತ್ರ ತಿನ್ನದೆ ತಟ್ಟೆಯಲ್ಲಿ ಬಿಡಬೇಕು, ಎಷ್ಟು ತಿಂದೆ ಎಂಬುದಕ್ಕೆ ಅದೇ ಲೆಕ್ಕ. ಫೋರ್ಕು ಹಿಡಿದು ಚುಚ್ಚಿದರೆ ರಸ ಸೋರಿ, ಮಾನವೂ ಹೋಗುತ್ತದೆ. ಹುಡುಗನ ತಟ್ಟೆಯಲ್ಲಿ ಸಾಲಾಗಿ ಮಲಗಿದ್ದ ಜುಟ್ಟುಗಳನ್ನು ಇವಳು ಫೋಟೊ ತೆಗೆದು ಅಕ್ಕನಿಗೆ ಕಳಿಸಿದಳು. ಅಲ್ಲಿಂದ ‘ಪಾಪ, ಬರೀ ತುಂಡು ತಿಂತಾ ಇದ್ದಾನಾ?’ ಎಂದು ಉತ್ತರ ಬಂತು.

ಖಾಚಾಪುರಿ ಎಂಬ ಚೀಸ್ ತುಂಬಿದ ರೊಟ್ಟಿಯ ಬಗ್ಗೆ ಹೆಚ್ಚು ಬರೆಯಲಾರೆ, ಬರೆದರೆ ಹಸಿವಾಗುತ್ತದೆ. ಅದನ್ನೊಂದು ಮನೆಯಲ್ಲಿ ಮಾಡಿಕೊಳ್ಳಲು ತಗಲುವ ಖರ್ಚನ್ನು ಲೆಕ್ಕ ಹಾಕಿ ದೇಶದ ಬೆಲೆಯೇರಿಕೆ ಅಳೆಯುವ ‘ಖಾಚಾಪುರಿ ಸೂಚ್ಯಂಕ’ವನ್ನು ಟಿಬಿಲಿಸಿಯ ಅರ್ಥಶಾಸ್ತ್ರ ಶಾಲೆಯೊಂದು ನಡೆಸುತ್ತದೆ. ಅರ್ಥಶಾಸ್ತ್ರಜ್ಞರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇದನ್ನು ಕೇಳಿದ ಮೇಲೆ.

ಟಿಬಿಲಿಸಿಯ ರಾತ್ರಿಗಳಿಗೂ ದೊಡ್ಡ ಹೆಸರು. ಡಿನಾಮೋ ಫುಟ್‌ಬಾಲ್ ಕ್ರೀಡಾಂಗಣದ ಅಡಿಯಲ್ಲಿ, ನೀರು ಖಾಲಿ ಮಾಡಿದ ಈಜುಕೊಳದಲ್ಲಿ ಕುಣಿಯುವ ಕ್ಲಬ್ಬೊಂದಿದೆ, ಬಾಸಿಯಾನಿ. 2018ರ ಮೇ ತಿಂಗಳಲ್ಲಿ ಅದರ ಮೇಲೆ ಪೊಲೀಸ್ ದಾಳಿಯಾದಾಗ ಸಾವಿರಾರು ಹುಡುಗ ಹುಡುಗಿಯರು ಪಾರ್ಲಿಮೆಂಟಿನ ಎದುರು ಸೇರಿ ಕುಣಿದೇ ಪ್ರತಿಭಟಿಸಿದರು. ನಮ್ಮಲ್ಲಿ ಧರಣಿ ಕೂರುತ್ತಾರೆ, ಅಲ್ಲಿ ಧರಣಿ ಕುಣಿದರು. ಆ ಕ್ಲಬ್ಬನ್ನು ನೋಡುವ ಕುತೂಹಲ ನನಗಿತ್ತು. ‘ಚಿಕ್ಕಪ್ಪ, ಅಲ್ಲಿ ರಾತ್ರಿ ಹನ್ನೆರಡರ ಮೇಲೇ ಶುರು. ಬಾಗಿಲಲ್ಲಿ ಮುಖ ನೋಡಿ ಒಳಗೆ ಬಿಡ್ತಾರೆ’ ಎಂದು ಹುಡುಗ, ನನ್ನ ಮಂಕಿ ಕ್ಯಾಪು ನೋಡಿ ಮಾತು ನಿಲ್ಲಿಸಿದ. ಬದಲಿಗೆ ಫಾಬ್ರಿಕಾಕ್ಕೆ ಕರೆದೊಯ್ದ. ಸೋವಿಯತ್ ಕಾಲದ ಹೊಲಿಗೆ ಕಾರ್ಖಾನೆ ಈಗ ಹಾಸ್ಟೆಲು. ಅಂಗಳದ ಸುತ್ತ ಬಾರುಗಳು, ಗೋಡೆ ತುಂಬ ಚಿತ್ರ. ಟ್ಯಾರಗಾನ್ ಸೊಪ್ಪಿನಿಂದ ಮಾಡಿದ ಪಚ್ಚೆ ಬಣ್ಣದ ಸೋಡಾ ಕುಡಿಯುತ್ತ ನಾವಿಬ್ಬರು ಕೂತಿದ್ದೆವು. ಯಾರೂ ಯಾರನ್ನೂ ದುರುಗುಟ್ಟಿ ನೋಡುತ್ತಿರಲಿಲ್ಲ. ಒಂಬತ್ತೂವರೆಗೆ ಇವಳಿಗೆ ಆಕಳಿಕೆ ಬಂತು. ರಾತ್ರಿಯ ಮೋಜು ನಮ್ಮ ಪಾಲಿಗೆ ಇಷ್ಟೇ ಎಂದುಕೊಂಡೆ.

ನಿಜವಾದ ರಾತ್ರಿ ಕಾದಿದ್ದು ಹಳ್ಳಿಯಲ್ಲಿ. ಹುಡುಗನ ಬಾಡಿಗೆ ಮನೆಯೊಡತಿಯ ತವರು ಪೂರ್ವದ ಕಾಖೇತಿ ಸೀಮೆಯಲ್ಲಿ, ತೆಲಾವಿ ಪಟ್ಟಣದ ಹತ್ತಿರ. ಸೆಪ್ಟೆಂಬರ್ ಕೊನೆ, ದ್ರಾಕ್ಷಿ ಕೊಯ್ಲಿನ ಕಾಲ. ‘ನೆಂಟರು ಬಂದಿದ್ದಾರೆ, ಕರೆದುಕೊಂಡು ಬಾ’ ಎಂದು ಆಕೆ ಅಪ್ಪಣೆ ಮಾಡಿದ್ದಳು. ಬೆಳಗ್ಗೆ ಎಲ್ಲರ ಕೈಗೂ ಒಂದೊಂದು ಕತ್ತರಿ. ಅಡಿಕೆ ತೋಟದ ಮನೆಯಲ್ಲಿ ಬೆಳೆದ ಇವಳು ಗೊನೆ ಕತ್ತರಿಸುವ ವೇಗ ನೋಡಿ ಮನೆಯೊಡತಿಯ ತಮ್ಮ ದಂಗಾದ. ಆಮೇಲೆ ನಮ್ಮನ್ನು ಮನೆಯ ಹಿಂದಿನ ಕೋಣೆಗೆ ಕರೆದೊಯ್ದ. ನೆಲದಲ್ಲಿ ಅಲ್ಲಲ್ಲಿ ದುಂಡನೆಯ ಬಾಯಿಗಳು. ಆಳೆತ್ತರದ ಮಣ್ಣಿನ ಗುಡಾಣಗಳನ್ನು ಕಂಠದವರೆಗೆ ಹೂತಿಟ್ಟಿದ್ದಾರೆ. ಅದರ ಹೆಸರು ಕ್ವೆವ್ರಿ. ದ್ರಾಕ್ಷಿಯ ರಸ, ಸಿಪ್ಪೆ, ಬೀಜ ಎಲ್ಲ ಅದರೊಳಗೆ ಹೋಗುತ್ತದೆ. ಮುಚ್ಚಿಟ್ಟರೆ ತಿಂಗಳುಗಟ್ಟಲೆ ಮಾತಿಲ್ಲ. ಭೂಮಿಯ ತಂಪು ತನ್ನ ಕೆಲಸ ಮಾಡುತ್ತದೆ. ಆ ನೆಲದಲ್ಲಿ ಎಂಟು ಸಾವಿರ ವರ್ಷಗಳಷ್ಟು ಹಳೆಯ ವೈನಿನ ಕುರುಹು ಸಿಕ್ಕಿದೆ. ಕ್ವೆವ್ರಿ ವಿದ್ಯೆಯನ್ನು ಯುನೆಸ್ಕೊ 2013ರಲ್ಲಿ ತನ್ನ ಪಟ್ಟಿಗೆ ಸೇರಿಸಿದೆ. ನನಗೆ ಮಾತ್ರ ಆಗತಾನೇ ಹಿಂಡಿದ, ಇನ್ನೂ ಹುಳಿಯದ ರಸದ ಒಂದು ಹೂಜಿಯನ್ನು ಬೇರೆ ಇಟ್ಟರು. ನಿತ್ಯ ಉಪವಾಸ ಮಾಡುವ ಸಾತ್ವಿಕನಲ್ಲವೇ!

ಸಂಜೆ ಅಂಗಳದಲ್ಲಿ ಉದ್ದನೆಯ ಮೇಜು. ಬದನೆಕಾಯಿಯ ತೆಳು ಹೋಳಿನಲ್ಲಿ ಅರೆದ ಅಕ್ರೋಟು, ಬೆಳ್ಳುಳ್ಳಿ ಸುತ್ತಿ ಮೇಲೆ ದಾಳಿಂಬೆ ಕಾಳು ಉದುರಿಸಿದ ಸುರುಳಿ. ಬಸಳೆಯಂಥ ಸೊಪ್ಪಿಗೆ ಅದೇ ಅಕ್ರೋಟು ಕಲಸಿದ ಉಂಡೆ. ಮಣ್ಣಿನ ಕುಡಿಕೆಯಲ್ಲಿ ಬೆಂದ ಅವರೆಯಂಥ ಕೆಂಪು ಕಾಳು, ಅದಕ್ಕೆ ಕೈತುಂಬ ಕೊತ್ತಂಬರಿ. ಹುಳಿ ಪ್ಲಮ್ ಹಣ್ಣಿನ ಗೊಜ್ಜು. ಖಾಲಿ ಮೇಜು ಕಂಡರೆ ಮನೆಯವರ ಮಾನ ಹೋಯಿತೆಂದು ತಟ್ಟೆಯ ಮೇಲೆ ತಟ್ಟೆ ಪೇರಿಸುತ್ತಾರೆ. ಬದನೆ ಸುರುಳಿಯನ್ನು ಬಾಯಿಗಿಡಬೇಕು, ಅಷ್ಟರಲ್ಲಿ ಮೇಜಿನ ತುದಿಯಲ್ಲಿ ಒಬ್ಬರು ಎದ್ದು ನಿಂತರು. ಊರಿನ ನಿವೃತ್ತ ಮಾಸ್ತರು, ಅಂದಿನ ತಮಾದ. ಯಾವಾಗ, ಯಾವುದರ ಹೆಸರಲ್ಲಿ ಲೋಟ ಎತ್ತಬೇಕೆಂದು ಹೇಳುವ ಅಧಿಕಾರ ತಮಾದನದು. ಅವರು ಮಾತಾಡದೆ ಯಾರೂ ಗುಟುಕು ಹಾಕುವಂತಿಲ್ಲ, ಅವರು ಮಾತಾಡುವಾಗ ಯಾರೂ ಅಗಿಯುವಂತಿಲ್ಲ. ಸುರುಳಿ ನನ್ನ ಕೈಯಲ್ಲೇ ನಿಂತಿತು. ಮಾಸ್ತರರು ಆಕಾಶ ತೋರಿಸಿದರು, ಎದೆ ಮುಟ್ಟಿಕೊಂಡರು, ದನಿ ಏರಿಸಿದರು, ಇಳಿಸಿದರು. ಬಹಳ ಹೊತ್ತಾದ ಮೇಲೆ ಹುಡುಗ ನನ್ನ ಕಿವಿಯಲ್ಲಿ ಅನುವಾದಿಸಿದ: ‘ಶಾಂತಿಗೆ ಅಂತೆ, ಚಿಕ್ಕಪ್ಪ.’

‘ಅಷ್ಟೇ?’

‘ನನಗೆ ಬರೋದು ತರಕಾರಿ ಅಂಗಡಿ ಜಾರ್ಜಿಯನ್. ಅವರು ಕವಿತೆ ಹೇಳಿದ್ರೆ ನಾನೇನು ಮಾಡ್ಲಿ?’

ಶಾಂತಿಯಾದ ಮೇಲೆ ದೇಶ, ದೇಶವಾದ ಮೇಲೆ ತಂದೆತಾಯಿ, ಆಮೇಲೆ ತೀರಿಕೊಂಡವರು, ಅವರ ಬೆನ್ನಿಗೇ ಮಕ್ಕಳು. ಈ ಕ್ರಮ ನನಗೆ ಬಹಳ ಹಿಡಿಸಿತು. ಸತ್ತವರ ನೆನಪಿನಲ್ಲಿ ಮೇಜು ಮುಳುಗದಂತೆ ಕೂಡಲೇ ಮಕ್ಕಳನ್ನು ಕರೆತರುತ್ತಾರೆ. ನಡುವೆ ಮನೆಯ ಅಜ್ಜಿ ನನ್ನ ತಟ್ಟೆಯಲ್ಲಿದ್ದ ಖಾಚಾಪುರಿಯನ್ನೂ ನನ್ನ ಮುಖವನ್ನೂ ನೋಡಿ ಏನೋ ಕೇಳಿದಳು. ಉಪವಾಸದವನು ಚೀಸ್ ತಿನ್ನಬಹುದೇ ಎಂಬ ಧರ್ಮಸೂಕ್ಷ್ಮ. ನಮ್ಮ ದೇವರು ಬೇರೆ, ಆತನೇ ಬೆಣ್ಣೆ ಕದ್ದವನು ಎಂದು ಹೇಳಿಸಿದೆ. ಅಜ್ಜಿ ಇನ್ನೊಂದು ತುಂಡು ಹಾಕಿದಳು.

ಆಮೇಲೆ ಭಾರತದ ಸರದಿ. ಅಜ್ಜಿ ರಾಜ್ ಕಪೂರನ ಹೆಸರೆತ್ತಿದಳು. ಆತನ ‘ಆವಾರಾ’ ಒಂದು ಕಾಲದಲ್ಲಿ ಸೋವಿಯತ್ ಒಕ್ಕೂಟವನ್ನೆಲ್ಲ ಕುಣಿಸಿತ್ತು. ಮಾಸ್ತರರು ಎತ್ತಿದ್ದು ರಾಣಿ ಕೆತೆವಾನಳ ಹೆಸರು. ಇದೇ ಕಾಖೇತಿಯ ರಾಣಿ. ಮತ ಬಿಡಲೊಪ್ಪದೆ 1624ರಲ್ಲಿ ಶಿರಾಜಿನಲ್ಲಿ ಷಾ ಅಬ್ಬಾಸನ ಆಜ್ಞೆಯಂತೆ ಹತಳಾದವಳು. ಅಗಸ್ಟೀನಿಯನ್ ಸನ್ಯಾಸಿಗಳು ಆಕೆಯ ಅವಶೇಷವನ್ನು ಹಳೆಗೋವಾಕ್ಕೆ ತಂದಿದ್ದರು. ಅದು ಉತ್ಖನನದಲ್ಲಿ ಸಿಕ್ಕು, ಡಿಎನ್‌ಎ ಪರೀಕ್ಷೆಯಾಗಿ, 2021ರಲ್ಲಿ ಭಾರತ ಸರ್ಕಾರ ಅದನ್ನು ಜಾರ್ಜಿಯಾಕ್ಕೆ ಕೊಟ್ಟಿತು. ಗೋವಾ ನಮ್ಮ ಜಿಲ್ಲೆಯ ಗಡಿಗೆ ತಾಗಿಕೊಂಡಿದೆ ಎಂದು ಹುಡುಗ ಸುಮ್ಮನಿರಲಾರದೆ ಹೇಳಿದ. ನಾಲ್ಕು ಶತಮಾನ ಅವರ ರಾಣಿಯನ್ನು ಕಾಪಾಡಿದ ನೆರೆಮನೆಯವನು ನಾನೇ ಎಂಬಂತೆ ಎಲ್ಲರೂ ತಿರುಗಿ ನೋಡಿದರು. ಮಾಸ್ತರರು ಕೈ ಚಾಚಿ ‘ಅಲಾವೆರ್ದಿ’ ಎಂದರು. ಎಂದರೆ ಅವರು ನಿಲ್ಲಿಸಿದಲ್ಲಿಂದ ಮಾತು ಮುಂದುವರಿಸುವ ಪಾಳಿ ನನ್ನದು.

ಎದ್ದು ನಿಂತೆ. ಕೈಯಲ್ಲಿ ದ್ರಾಕ್ಷಿರಸ, ತಲೆಯಲ್ಲಿ ಒಂದೂ ವಾಕ್ಯವಿಲ್ಲ. ಆಗ ನೆನಪಾಯಿತು: ನಮ್ಮಲ್ಲೂ ಹಂತಿಯ ನಡುವೆ ಶ್ಲೋಕ ಹೇಳುತ್ತಾರಲ್ಲ! ಗಂಡಿನ ಕಡೆಯವರು ಒಂದು ಹೇಳಿದರೆ ಹೆಣ್ಣಿನ ಕಡೆಯವರು ಒಂದು. ಕೊನೆಗೆ ಇಡೀ ಹಂತಿ ಕೂಗಿ ದನಿಗೂಡಿಸುವುದು. ಇಷ್ಟು ಕಾಲ ಅದನ್ನು ಬಡಿಸುವವರು ಬರುವವರೆಗೆ ಹೊತ್ತು ಕಳೆಯುವ ಗಲಾಟೆ ಎಂದೇ ತಿಳಿದಿದ್ದೆ. ಕ್ಯಾಟರಿಂಗಿನವರ ಗಡಿಬಿಡಿಯಲ್ಲಿ ಅದು ಕಡಿಮೆಯಾಗುತ್ತಿದ್ದರೂ ಚಿಂತೆ ಮಾಡಿರಲಿಲ್ಲ. ಅಜ್ಜ ಹೇಳುತ್ತಿದ್ದ ಶಿವಸ್ತುತಿಯೊಂದನ್ನು ರಾಗವಾಗಿ ಎತ್ತಿಕೊಂಡೆ. ಕೊನೆಗೆ ‘ಹರಹರ’ ಎಂದಾಗ ಇವಳೊಬ್ಬಳೇ ‘ಮಹಾದೇವ’ ಎಂದಳು. ಮಾಸ್ತರರಿಗೆ ಅರ್ಥ ಬೇಕಾಗಲಿಲ್ಲ, ವಿಧಾನ ಹೊಳೆಯಿತು. ಎರಡನೆಯ ಸಲ ಇಡೀ ಮೇಜು ‘ಮಹಾದೇವ’ ಎಂದು ಗುಡುಗಿತು. ಅಲ್ಲಿಂದ ಮುಂದೆ ಅವರ ಪ್ರತಿ ಭಾಷಣದ ಕೊನೆಗೂ ಅದೇ. ಬಾಣಸಿಗರಿಗೆ, ಮಳೆಗೆ, ಪಕ್ಕದ ಮನೆಯ ಹೊಸ ಟ್ರ್ಯಾಕ್ಟರಿಗೆ, ಎಲ್ಲದಕ್ಕೂ ಹರಹರ ಮಹಾದೇವ. ಗಲಾಟೆ ಕೇಳಿ ಟ್ರ್ಯಾಕ್ಟರಿನವನೂ ಬಂದು ಕೂತ. ಒಂಬತ್ತೂವರೆಗೆ ಆಕಳಿಸುವ ಇವಳು ರಾತ್ರಿ ಎರಡು ಗಂಟೆಗೆ ಅಜ್ಜಿಯ ಪಕ್ಕ ಕೂತು ಅಕ್ರೋಟು ಒಡೆಯುತ್ತಿದ್ದಳು.

ಈಗ ಹುಡುಗನಿಗೆ ಹೊಸ ತಾಪತ್ರಯ. ಮನೆಯೊಡತಿ ಬಾಡಿಗೆ ಕೇಳಲು ಬಂದಾಗಲೆಲ್ಲ, ‘ನಿನ್ನದೊಂದು ಹೇಳು’ ಎನ್ನುತ್ತಾಳಂತೆ. ಕ್ರಿಸ್‌ಮಸ್‌ಗೆ ತೆಲಾವಿಗೆ ಬರಲೇಬೇಕು, ಬರಿಗೈಯಲ್ಲಿ ಬಂದರೂ ಸರಿ, ಬರಿಬಾಯಲ್ಲಿ ಬರುವಂತಿಲ್ಲ. ಅವನು ಅಮ್ಮನಿಗೆ ಫೋನು ಮಾಡಿ ಶ್ಲೋಕ ಕೇಳಿದ್ದಾನೆ. ಮಗ ಪರದೇಶದಲ್ಲಿ ದೈವಭಕ್ತನಾದನೆಂದು ಅಕ್ಕನಿಗೆ ಆನಂದ. ವಾಟ್ಸಾಪಿನಲ್ಲಿ ಮೂರು ಕಳಿಸಿದ್ದಾಳೆ. ಒಂದು ಬಾಯಿಪಾಠ ಆಗಿದೆಯಂತೆ, ಉಳಿದೆರಡು ಫಾರ್ಮಕಾಲಜಿ ಪರೀಕ್ಷೆ ಮುಗಿದ ಮೇಲೆ.