ಮೈತ್ರಿ ಮಾವ

ಅಂಟಾರ್ಕ್ಟಿಕಾದಲ್ಲಿ ಒಗ್ಗರಣೆಗೆ ಸಾಸಿವೆ ಮರೆತರೆ ಮುಂದಿನ ವರ್ಷವೇ ಗತಿ. ಕೇಪ್‌ಟೌನಿನಿಂದ ಸಾಮಾನಿನ ಹಡಗು ಬರುವುದು ವರ್ಷಕ್ಕೊಮ್ಮೆ. ಅಕ್ಕಿ, ಬೇಳೆ, ಡೀಸೆಲ್, ಸ್ಕ್ರೂ ಎಲ್ಲ ಅದರಲ್ಲೇ ಬರಬೇಕು. 1989ರಿಂದ ನಡೆಯುತ್ತಿರುವ ನಮ್ಮ ಮೈತ್ರಿ ಕೇಂದ್ರದಲ್ಲಿ ಮಾವ ಒಂದು ಚಳಿಗಾಲ ಜನರೇಟರ್ ಕಾದವರು. ಎರಡು ತಿಂಗಳು ಸೂರ್ಯನ ಮುಖವನ್ನೇ ನೋಡದೆ ಬಂದವರು. ಕಾಸರಗೋಡಿನವರಾದರೂ ಈಗ ಕೊಚ್ಚಿಯಲ್ಲಿ ವಾಸ. ಮನೆಯೆದುರೇ ಅಂಗಡಿಯಿದ್ದರೂ ಮಂಚದಡಿ ಕುಚ್ಚಲಕ್ಕಿಯ ಮೂಟೆಗಳು.

"ಹಡಗು ಮಂಜಿನಲ್ಲಿ ಸಿಕ್ಕಿಬಿದ್ದರೆ?"

"ಇಲ್ಲಿಗೆ ಅಕ್ಕಿ ಬರುವುದು ಲಾರಿಯಲ್ಲಿ ಮಾರಾಯ್ರೆ" ಎಂದರು ಅತ್ತೆ.

"ಲಾರಿ ವೈಟ್ಟಿಲ ಜಂಕ್ಷನ್ನಿನಲ್ಲಿ ಸಿಕ್ಕಿಬೀಳುವುದಿಲ್ಲವೋ?"

ವೈಟ್ಟಿಲದ ಟ್ರಾಫಿಕ್ ಬಲ್ಲ ಅತ್ತೆ ಮರುಮಾತಾಡಲಿಲ್ಲ. ಆದರೆ ಸೇಡು ತೀರಿಸಿಕೊಳ್ಳದೆಯೂ ಬಿಡಲಿಲ್ಲ. ಮೈತ್ರಿಯಲ್ಲಿ ಅಡುಗೆಮನೆ ಕೆಲಸ ಸರದಿಯ ಮೇಲೆ, ಲೀಡರೂ ಪಾತ್ರೆ ತೊಳೆಯಬೇಕು ಎಂದು ಮಾವ ನೆಂಟರೆದುರು ಕೊಚ್ಚಿಕೊಂಡರು ನೋಡಿ, ಮರುದಿನವೇ ಫ್ರಿಜ್ಜಿನ ಮೇಲೊಂದು ಪಟ್ಟಿ ಅಂಟಿತು. ವಾರದ ಏಳು ದಿನವೂ ಲೀಡರದೇ ಸರದಿ.

ತಿರುವನಂತಪುರದ ಮಗಳ ಮನೆಗೆ ವಂಚಿನಾಡ್ ಎಕ್ಸ್‌ಪ್ರೆಸ್ ಹತ್ತುವಾಗಲೂ ಬುತ್ತಿ ಮೂರು ಹೊತ್ತಿಗಾಗುವಷ್ಟು. ದಾರಿಯಲ್ಲಿ ತಿಂದ ನೇಂದ್ರಬಾಳೆಯ ಸಿಪ್ಪೆಯನ್ನು ಚೀಲದಲ್ಲಿ ಕಟ್ಟಿಕೊಂಡೇ ಇಳಿಯುತ್ತಾರೆ: 1991ರ ಮ್ಯಾಡ್ರಿಡ್ ಒಪ್ಪಂದದ ಪ್ರಕಾರ ಅಂಟಾರ್ಕ್ಟಿಕಾದ ಕಸವನ್ನು ಆದಷ್ಟೂ ಹೊತ್ತು ಹಿಂದಕ್ಕೆ ತರಬೇಕು. "ಅಪ್ಪಾ, ಆ ಒಪ್ಪಂದಕ್ಕೆ ಕೊಲ್ಲಂ ಸ್ಟೇಷನ್ ಸಹಿ ಹಾಕಿಲ್ಲ" ಎಂದು ಮಗಳು ಗೋಗರೆದರೂ ಕೇಳುವವರಲ್ಲ.

ನಾವೆಲ್ಲ ನಗುತ್ತಿದ್ದದ್ದು 2023ರ ಮಾರ್ಚ್‌ವರೆಗೆ. ಆಗ ಬ್ರಹ್ಮಪುರಂನ ಕಸದ ಗುಡ್ಡೆಗೆ ಬೆಂಕಿ ಬಿದ್ದು, ದಿನಗಟ್ಟಲೆ ಕೊಚ್ಚಿ ಹೊಗೆ ಕುಡಿಯಿತು. ಬಾಗಿಲು ಕಿಟಕಿ ಜಡಿದುಕೊಂಡು ಕೂತ ನೆರೆಹೊರೆಯವರು ಒಬ್ಬೊಬ್ಬರೇ ಮಾವನಿಗೆ ಫೋನು ಮಾಡಿ ಕಸ ವಿಂಗಡಿಸುವುದು ಹೇಗೆಂದು ಕೇಳಿದರು. ಅವರು ಬಿಟ್ಟಾರೆಯೇ? ಪ್ರತಿಯೊಬ್ಬರಿಗೂ ಮೊದಲು ಹಡಗಿನ ಕತೆ, ಆಮೇಲೆ ಕಸ.

ಮೊನ್ನೆ ಹರಿತಕರ್ಮಸೇನೆಯ ಹೆಂಗಸು ಪ್ಲಾಸ್ಟಿಕ್ ಒಯ್ಯಲು ಬಂದಳು. ತೊಳೆದು, ಒಣಗಿಸಿ, ತೂಕ ಬರೆದು ಚೀಟಿ ಅಂಟಿಸಿದ ಮಾವನ ಕಟ್ಟುಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಸಾರ್ ಗಲ್ಫಿಲ್ ಆಯಿರುನ್ನೋ?" ಎಂದಳು.

ಮಾವ ಕನ್ನಡಕ ಸರಿಮಾಡಿಕೊಂಡರು. "ಅಲ್ಲ, ಅಲ್ಲಿಂದ ತುಸು ತೆಂಕಕ್ಕೆ."