ಜಾಮೀನಿನ ಮಹಿಮೆ

1980ರ ದಶಕದ ವಾಷಿಂಗ್ಟನ್ನಿನಲ್ಲಿ, ಅಮೆರಿಕದ ಕೃಷಿ ಇಲಾಖೆಯ ಸಾಲಖಾತರಿಯ ಅಧಿಕಾರಿ ಮಹಾಶಯರೊಬ್ಬರು, ಬ್ಯಾಂಕಿನ ಸಾಲದ ಮೇಲೆ ಇರಾಕಿಗೆ ಹೊರಟುನಿಂತಿದ್ದ ಗೋಧಿಯ ಪತ್ರಗಳಿಗೆ ಪ್ರಸನ್ನಚಿತ್ತರಾಗಿ ಮುದ್ರೆಯೊತ್ತುತ್ತಿರಲು (ಪರರ ಹಣದಲ್ಲಿ ಔದಾರ್ಯವು ಸುಲಭಸಾಧ್ಯವಷ್ಟೆ), ತೆರಿಗೆದಾರನೊಬ್ಬನು ಕೈಮುಗಿದು ವಿಜ್ಞಾಪಿಸಿದನು:

“ಸ್ವಾಮಿ, ಸದ್ದಾಮ್ ಹುಸೇನರು ಹಣ ತೀರಿಸದಿದ್ದರೆ?”

“ಅಸಲಿನಲ್ಲಿ ಶೇಕಡಾ 98ಕ್ಕೆ ನಾವೇ ಹೊಣೆ, ವರ್ತಕನಿಗೆ ನಷ್ಟವಿಲ್ಲ, ಬ್ಯಾಂಕಿಗೆ ಭಯವಿಲ್ಲ.”

“ಉಳಿದ ಎರಡು?”

“ಅದು ಬ್ಯಾಂಕಿನ ಧೈರ್ಯಪರೀಕ್ಷೆ.”

“ಹಾಗಾದರೆ ನಷ್ಟವು ಯಾರದು?”

“ಎಲೈ ಮೂಢ, ಇದು ಸಾಲವಲ್ಲ, ಕೇವಲ ಜಾಮೀನು, ಆದುದರಿಂದಲೇ ಆಯವ್ಯಯದ ಲೆಕ್ಕದಲ್ಲಿ ಕಾಣಿಸದು. ಕಾಣಿಸದುದಕ್ಕೆ ಅಳುವರೇ?”

1990ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ಆಕ್ರಮಿಸಿತು, ಕಂತುಗಳು ನಿಂತುವು. ಸುಮಾರು 200 ಕೋಟಿ ಡಾಲರುಗಳನ್ನು ಅಮೆರಿಕದ ಬೊಕ್ಕಸವೇ ತೆತ್ತಿತು.